ಗುಡ್ಡದ ಮನೆಯ ತಂತಿ ಕಾಗದಗಳು

ಮಲೆನಾಡಿನ ಪೇಟೆಗಳ ಮೇಲಿನ ಗುಡ್ಡದಲ್ಲಿ ಒಂಟಿಯಾಗಿದ್ದು ತೀರಿಹೋದ ವಿಧವೆಯರ ಬಗ್ಗೆ ಕೇಳಿಬರುವ ಮಾತು ಒಂದೇ: ‘ಅವರಿಗೆ ಯಾರ ಒಡನಾಟವೂ ಇರಲಿಲ್ಲ.’ ಮನೆಯ ಕಾಗದಗಳನ್ನು ಜೋಡಿಸಿಕೊಡಲು ಬಂಧುಗಳು ಕರೆದಾಗ ನಾನು ಈ ಮಾತನ್ನು ಬದಿಗಿಟ್ಟು, ಮೊದಲು ತಂತಿಗೆ ಚುಚ್ಚಿದ ಪತ್ರಗಳನ್ನು ಹುಡುಕುತ್ತೇನೆ.

ತಂತಿಯಲ್ಲಿ ಅಡಿಯದು ಹಳೆಯದು, ಮೇಲಿನದು ಹೊಸದು. ಈ ಕ್ರಮ ಕೆಟ್ಟರೆ ತಾರೀಖಿಲ್ಲದ ಪತ್ರಗಳಿಗೆ ದಿಕ್ಕೇ ಇಲ್ಲ. ಎಳೆದರೆ ತೂತು ಹರಿದು ಅಕ್ಷರ ಹೋಗುತ್ತದೆ. ಕೊಕ್ಕೆಯ ತುದಿ ಕತ್ತರಿಸಿ, ತಂತಿಯ ತುಕ್ಕು ಒರೆಸಿ, ಐದಾರನ್ನು ಒಟ್ಟಿಗೆ ಸರಿಸಿ ತೆಗೆದು, ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಸಂಖ್ಯೆ ಹಾಕುತ್ತೇನೆ. ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ತೇವವಿದ್ದರೆ ನೆರಳಲ್ಲಿ ಗಾಳಿಗೆ ಹರಡಬೇಕು; ಬಿಸಿಲಿಗೆ ಶಾಯಿ ಮಾಸಿ ಕಾಗದ ಮುರುಟುತ್ತದೆ. ಮಳೆಗಾಲದಲ್ಲಿ ಕೈ ಹಾಕುವುದಿಲ್ಲ.

ಎಡವುವುದು ಕಾಲ ಗುರುತಿಸುವಲ್ಲಿ. ಕಳೆದ ಶತಮಾನದ ನಡುಭಾಗದ ಪತ್ರದಲ್ಲಿ ‘ಪ್ಲವ ಸಂ॥’ (ಸಂವತ್ಸರ) ಎಂದಿದ್ದರೆ 1961ರ ಯುಗಾದಿಯಿಂದ ಲೆಕ್ಕ. ಆದರೆ ಅದೇ ಸಂವತ್ಸರದ ಮಾಘ, ಫಾಲ್ಗುಣ ಬರುವುದು 1962ರಲ್ಲಿ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಇಲ್ಲದಿದ್ದರೆ ಹಿಂದಿನದೆಂದು ಹೇಳಲಾಗದು. ನಯಾಪೈಸೆ 1957ರ ಏಪ್ರಿಲ್ 1ರಂದು ಬಂತು, ಆದರೂ ಜನ ಬಹುಕಾಲ ಆಣೆಯಲ್ಲೇ ಎಣಿಸಿದರು. ಲೆಕ್ಕದಲ್ಲಿ ಆಣೆ ಕಂಡಷ್ಟಕ್ಕೇ ಕಾಲ ಕಟ್ಟಬಾರದು.

ಗಂಡ ತೀರಿಕೊಂಡ ಸುದ್ದಿಯನ್ನು ಪತ್ರಗಳಲ್ಲಿ ಹುಡುಕಿ ಸೋಲುವವರು ಬಹಳ. ಸಾವಿನ ಕಾಗದವನ್ನು ಓದಿದೊಡನೆ ಹರಿದೆಸೆಯುವುದು ರೂಢಿ, ಮನೆಯೊಳಗೆ ಇಡುವಂತಿಲ್ಲ. ಆ ಸುದ್ದಿಯ ಗುರುತು ಸಿಗುವುದು ಖರ್ಚಿನ ಪುಸ್ತಕದಲ್ಲಿ: ಒಮ್ಮೆಲೇ ಎಳ್ಳು, ದರ್ಭೆ, ಪುರೋಹಿತರ ದಕ್ಷಿಣೆ, ಮುಂದೆ ಪ್ರತಿವರ್ಷ ಅದೇ ತಿಥಿಗೆ ಸಣ್ಣ ಖರ್ಚು.

ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವುದು ಮನಿಆರ್ಡರಿನ ಸ್ವೀಕೃತಿ ಚೀಟಿಗಳು. ಅಂಚೆಯಲ್ಲಿ ಹಣ ಪಡೆದವರ ಸಹಿ ಹೊತ್ತು, ಕಳಿಸಿದ ಆ ವಿಧವೆಗೇ ಮರಳಿದ ಚೀಟಿಗಳಿವು. ಯಾವ ತಿಂಗಳು, ಎಷ್ಟು, ಯಾವ ಊರು ಎಂದು ಪಟ್ಟಿಮಾಡಿ ಖರ್ಚಿನ ಪುಸ್ತಕಕ್ಕೆ ತಾಳೆ ನೋಡುತ್ತೇನೆ. ಜೂನ್‌ನಲ್ಲಿ ಮೊತ್ತ ಏರಿದ್ದರೆ ಶಾಲೆಯ ಫೀಸಿರಬಹುದು. ಹೆಬ್ಬೆಟ್ಟಿದ್ದ ಕಡೆ ಸಹಿ ಬಂದರೆ ಪಡೆದವರೇ ಬದಲಾದರೋ, ಅಕ್ಷರ ಕಲಿತರೋ ಎಂದು ಕೈಬರಹ ಹೋಲಿಸಬೇಕು. ಆ ಹೆಸರಿನವರು ಇನ್ನೂ ಬದುಕಿರಬಹುದು. ಈ ಪಟ್ಟಿಯನ್ನು ಬೇರೆ ಲಕೋಟೆಯಲ್ಲಿಟ್ಟು ಬಂಧುಗಳ ಕೈಗಷ್ಟೇ ಕೊಡುತ್ತೇನೆ.