ಕೀ ಲೀಕ್ ಆಯ್ತಾ? ಡಿಲೀಟ್ ಆಮೇಲೆ, ಮೊದಲು ಬೀಗ ಬದಲಾಯಿಸಿ

ನಿಮ್ಮ ಎಸ್‌ಎಸ್‌ಎಚ್ ಪ್ರೈವೇಟ್ ಕೀ, ಅಂದರೆ ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಗುಟ್ಟಿನ ಫೈಲ್, ಗೊತ್ತಿಲ್ಲದೆ ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ವ್ಯವಸ್ಥೆ) ಪುಶ್ ಆಗಿದೆ ಅಂದುಕೊಳ್ಳಿ. ಫೈಲ್ ತೆಗೆದು ಇನ್ನೊಂದು ಕಮಿಟ್ (ಬದಲಾವಣೆಯ ದಾಖಲೆ) ಹಾಕಿದರೆ ಪ್ರಯೋಜನವಿಲ್ಲ. ಹಳೇ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ, ಹಿಸ್ಟರಿಯನ್ನೇ ತೊಳೆದರೂ ಅಷ್ಟರಲ್ಲಿ ಯಾರಾದರೂ ಕ್ಲೋನ್ (ಪೂರ್ತಿ ನಕಲು) ಮಾಡಿಕೊಂಡಿದ್ದರೆ ಅವರ ಹತ್ತಿರ ಉಳಿದೇ ಉಳಿಯುತ್ತದೆ. 2023ರ ಮಾರ್ಚ್‌ನಲ್ಲಿ ಗಿಟ್ ಕೋಡ್ ಇಡುವ ತಾಣ ಗಿಟ್‌ಹಬ್‌ನದೇ ಆರ್‌ಎಸ್‌ಎ ಹೋಸ್ಟ್ ಕೀ (ಸರ್ವರ್ ತನ್ನ ಗುರುತು ತೋರಿಸುವ ಕೀ) ಎಲ್ಲರಿಗೂ ಕಾಣುವ ಒಂದು ಪಬ್ಲಿಕ್ ರೆಪೊದಲ್ಲಿ ಸ್ವಲ್ಪ ಹೊತ್ತು ಬಯಲಾಗಿತ್ತು. ದುರುಪಯೋಗ ಆದ ಸುಳಿವಿಲ್ಲ ಅಂತ ಹೇಳಿದರೂ ಅವರು ಕೀಯನ್ನೇ ಬದಲಾಯಿಸಿದರು. ಸರಿಯಾದ ಕೆಲಸ ಅದು.

ನೀವೂ ಹಾಗೇ ಮಾಡಿ. ಸರ್ವರ್‌ಗೆ ಲಾಗಿನ್ ಆಗಿರುವ ಒಂದು ಟರ್ಮಿನಲ್ ತೆರೆದೇ ಇಟ್ಟುಕೊಳ್ಳಿ. ಕೀ ಮಾಡುವ ಎಸ್‌ಎಸ್‌ಎಚ್-ಕೀಜೆನ್ ಕಮಾಂಡ್‌ನಿಂದ ಇಡಿ25519 ಬಗೆಯ ಹೊಸ ಕೀ ಜೋಡಿ (ಗುಟ್ಟಿನ ಪ್ರೈವೇಟ್, ಹಂಚಬಹುದಾದ ಪಬ್ಲಿಕ್) ಮಾಡಿ, ಪಬ್ಲಿಕ್ ಕೀಯನ್ನು ಸರ್ವರ್‌ನಲ್ಲಿ ಯಾವ ಕೀಗಳಿಗೆ ಪ್ರವೇಶವಿದೆ ಅಂತ ಬರೆದಿರುವ ಆಥರೈಸ್ಡ್ ಕೀಸ್ ಫೈಲ್‌ಗೆ ಸೇರಿಸಿ, ಬೇರೆ ಟರ್ಮಿನಲ್‌ನಿಂದ ಒಳಗೆ ಹೋಗಿ ನೋಡಿ, ಲಾಗಿನ್ ಆದ ತಕ್ಷಣ ಹಳೇ ಕೀಯ ಸಾಲು ಅಳಿಸಿ. ಅದೇ ಫೈಲ್‌ನಲ್ಲಿ ನಿಮಗೆ ಗೊತ್ತಿಲ್ಲದ ಸಾಲು ಸೇರಿದೆಯಾ, ಅಪರಿಚಿತ ಲಾಗಿನ್ ಆಗಿದೆಯಾ ಅಂತಲೂ ನೋಡಿ. ಗಿಟ್ ಹಿಸ್ಟರಿ ತೊಳೆಯುವುದು ಇದೆಲ್ಲ ಆದ ಮೇಲೆ.

ಈಗ ಹೊಸ ಕೀಯನ್ನು ನೋಡಿಕೊಳ್ಳೋಣ. ಕೀ ಫೈಲ್‌ಗೆ 600 ಪರ್ಮಿಷನ್, ಅದಿರುವ ಫೋಲ್ಡರ್‌ಗೆ 700, ಅಂದರೆ ನಿಮಗೆ ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ಪಾಸ್‌ಫ್ರೇಸ್ (ಕೀ ಫೈಲ್‌ನ ಪಾಸ್‌ವರ್ಡ್) ಇಲ್ಲದಿದ್ದರೆ ಕೀಜೆನ್‌ಗೆ ಹೈಫನ್ ಪಿ ಕೊಟ್ಟು ಈಗಲೂ ಹಾಕಬಹುದು. ಪದೇ ಪದೇ ಟೈಪ್ ಮಾಡುವುದು ಬೇಜಾರು ಅಲ್ವಾ, ಅದಕ್ಕೇ ತೆರೆದ ಕೀಯನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟ್ ಇರುವುದು. ಟೀಮಿಗೆಲ್ಲ ಒಂದೇ ಪೆಮ್ ಫೈಲ್ (ಪ್ರೈವೇಟ್ ಕೀ ಇರುವ ಫೈಲ್) ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಬ್ಬೊಬ್ಬರೂ ತಮ್ಮ ಕೀ ತಾವೇ ಮಾಡಿಕೊಂಡು ಪಬ್ಲಿಕ್ ಭಾಗವನ್ನಷ್ಟೇ ಕಳಿಸಲಿ, ಯಾರಾದರೂ ಕೆಲಸ ಬಿಟ್ಟರೆ ಅವರ ಒಂದು ಸಾಲು ತೆಗೆದರೆ ಸಾಕು.

ಜಾಸ್ತಿ ಜನ ಎಡವುವುದು ಡಾಕರ್‌ನಲ್ಲಿ, ಅಂದರೆ ಆ್ಯಪ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಇಮೇಜ್ ಅನ್ನುವ ಒಂದೇ ಕಟ್ಟಾಗಿ ಮಾಡುವ ಟೂಲ್‌ನಲ್ಲಿ. ಕೀಯನ್ನು ಇಮೇಜಿಗೆ ಕಾಪಿ ಮಾಡಿ, ಮುಂದಿನ ಸಾಲಲ್ಲಿ ಅಳಿಸಿ, ಹೋಯ್ತು ಅಂದುಕೊಳ್ಳುತ್ತಾರೆ. ಹೋಗಿರುವುದಿಲ್ಲ. ಒಂದೊಂದು ಸಾಲೂ ಒಂದೊಂದು ಪದರ, ಕೆಳಗಿನ ಪದರ ಬಿಚ್ಚಿದರೆ ಕೀ ಸಿಗುತ್ತದೆ. ಡಾಕರ್‌ನಲ್ಲಿ ಇಮೇಜ್ ಕಟ್ಟುವ ಬಿಲ್ಡ್‌ಕಿಟ್‌ನ ಸೀಕ್ರೆಟ್ ಮೌಂಟ್ ಬಳಸಿ, ಕೀ ಕಟ್ಟುವಾಗ ಮಾತ್ರ ಸಿಗುತ್ತದೆ, ಇಮೇಜಿನಲ್ಲಿ ಉಳಿಯುವುದಿಲ್ಲ. ಆ್ಯಪ್‌ನ ಕೋಡ್ ಒಳಗೆ ಕೀ ಇಡುವುದೂ ಇಂಥದ್ದೇ ತಪ್ಪು. 2015ರಲ್ಲಿ ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇಡೆಲ್‌ರೂಟ್ ಅನ್ನುವ ರೂಟ್ ಸರ್ಟಿಫಿಕೇಟ್ (ಯಾವ ಸೈಟ್ ಅಸಲಿ ಅಂತ ಕಂಪ್ಯೂಟರ್ ನಂಬಲು ಆಧಾರವಾಗುವ ಪ್ರಮಾಣಪತ್ರ) ತನ್ನ ಪ್ರೈವೇಟ್ ಕೀ ಸಮೇತ ಬಂದಿತ್ತು, ಅದನ್ನು ಹೊರತೆಗೆದವರು ಆ ಲ್ಯಾಪ್‌ಟಾಪ್‌ಗಳು ನಂಬುವಂಥ ನಕಲಿ ಸೈಟ್ ಸರ್ಟಿಫಿಕೇಟ್ ಮಾಡಬಹುದಿತ್ತು.

ಕೊನೆಗೆ ನಿಮ್ಮ ಬ್ಯಾಕಪ್ ಕೂಡ ಒಮ್ಮೆ ತೆರೆದು ನೋಡಿ. ಹೋಮ್ ಫೋಲ್ಡರ್ ಪೂರ್ತಿ ಕ್ಲೌಡ್‌ಗೆ ಹೋಗುತ್ತಿದ್ದರೆ ಕೀಗಳಿರುವ ಡಾಟ್ ಎಸ್‌ಎಸ್‌ಎಚ್ ಫೋಲ್ಡರೂ ಸುಮ್ನೆ ಅದರ ಜೊತೆಗೇ ಹೋಗುತ್ತಿರುತ್ತದೆ.