ಮೊರಾಕೊ ಎಷ್ಟು ಗೋಧಿ ತರಿಸಬೇಕು? ನೀವೇ ಲೆಕ್ಕ ಹಾಕಿ

ಮೊರಾಕೊದಲ್ಲಿ ಸುಗ್ಗಿ ಮುಗಿದ ಮೇಲೆ ಸುದ್ದಿಯಾಗುವುದು ಒಂದೇ ಸಂಖ್ಯೆ: ಒಟ್ಟು ಧಾನ್ಯ ಎಷ್ಟು ಎಂಬುದು. ಹಡಗಿನಲ್ಲಿ ಎಷ್ಟು ಗೋಧಿ ಬರಬೇಕು ಎಂದು ತಿಳಿಯಲು ಅದೊಂದೇ ಸಾಲದು. 2024ರ ಬೆಳೆಯನ್ನೇ ಹಿಡಿದು ನೋಡೋಣ. ಕಾಗದ, ಪೆನ್ನು ಇದ್ದರೆ ಸಾಕು.

ಮೊದಲು ಅಳತೆ ಸರಿಮಾಡಿಕೊಳ್ಳಿ. ಅಲ್ಲಿನ ಸರಕಾರ ಸುಗ್ಗಿಯನ್ನು ಕ್ವಿಂಟಲ್‌ನಲ್ಲಿ ಹೇಳುತ್ತದೆ, ಧಾನ್ಯ ವ್ಯಾಪಾರಿಗಳ ಮಾತು ಟನ್‌ನಲ್ಲಿ. 2024ರ 312 ಲಕ್ಷ ಕ್ವಿಂಟಲ್ ಎಂದರೆ 31.2 ಲಕ್ಷ ಟನ್. ಹತ್ತರಿಂದ ಭಾಗಿಸಲು ಮರೆತರೆ ಬರಗಾಲವೂ ಸಮೃದ್ಧಿಯಾಗಿ ಕಾಣುತ್ತದೆ! ಸರಾಸರಿಯನ್ನೂ ನಂಬಬೇಡಿ. ಬೇಸಾಯ ಬಹುಪಾಲು ಮಳೆಯಾಶ್ರಿತ. 2021ರಲ್ಲಿ 103 ಲಕ್ಷ ಟನ್ ಬೆಳೆದ ನೆಲ ಮರುವರ್ಷ ಕೊಟ್ಟಿದ್ದು 34 ಲಕ್ಷ.

ಬಳಿಕ ಧಾನ್ಯಗಳನ್ನು ಬೇರ್ಪಡಿಸಿ. ಬ್ರೆಡ್ಡಿಗೆ ಬೇಕಾದ ಮೆದು ಗೋಧಿ 17.5 ಲಕ್ಷ ಟನ್, ಕುಸ್‌ಕುಸ್ ರವೆಗೆ ಒದಗುವ ಗಟ್ಟಿ ಗೋಧಿ 7.1, ಬಾರ್ಲಿ 6.6. ಬಾರ್ಲಿ ಹೆಚ್ಚಾಗಿ ಕುರಿಗಳ ಪಾಲು, ಅದಕ್ಕೆ ಬೇರೆಯೇ ಲೆಕ್ಕ ಬೇಕು. ಹುಲ್ಲುಗಾವಲು ಒಣಗಿದ ವರ್ಷವೇ ಅದರ ಬೆಳೆಯೂ ಕೈಕೊಡುತ್ತದೆ, ಬೇಡಿಕೆ ಮಾತ್ರ ಏರುತ್ತದೆ.

ಉಳಿದ 24.6 ಲಕ್ಷ ಟನ್ ಗೋಧಿಯಲ್ಲಿ ಬಿತ್ತನೆ ಬೀಜ ಕಳೆಯಿರಿ. ಇಲ್ಲಿ ಅನೇಕರು ಎಡವುತ್ತಾರೆ. ಬೀಜ ಬೇಕಾಗುವುದು ಹೊಲದ ವಿಸ್ತಾರಕ್ಕೆ ತಕ್ಕಂತೆ, ಇಳುವರಿಗೆ ತಕ್ಕಂತೆ ಅಲ್ಲ. ಹೆಕ್ಟೇರಿಗೆ ಒಂದೂವರೆ ಕ್ವಿಂಟಲ್ ಬಿತ್ತುವ ರೈತ ಹದಿನೈದು ಕ್ವಿಂಟಲ್ ಬೆಳೆದರೆ ಹತ್ತನೆಯ ಒಂದು ಪಾಲನ್ನು ತೆಗೆದಿಡುತ್ತಾನೆ. ಏಳೂವರೆ ಬೆಳೆದರೆ ಐದನೆಯ ಒಂದು ಪಾಲನ್ನು. ಒಟ್ಟಾರೆ ಬೀಜಕ್ಕೆ 3 ಲಕ್ಷ ಟನ್ ಎಂದು ಹಿಡಿಯೋಣ. ಕೈಗೆ ಉಳಿಯುವುದು 21.6.

ಇನ್ನು ಊಟದ ಲೆಕ್ಕ. 2024ರ ಜನಗಣತಿಯಂತೆ ಜನಸಂಖ್ಯೆ ಸುಮಾರು 3.68 ಕೋಟಿ. ತಲೆಗೆ ವರ್ಷಕ್ಕೆ 200 ಕೆ.ಜಿ. ಗೋಧಿ ಎಂದು ಇಟ್ಟುಕೊಂಡರೆ 73.6 ಲಕ್ಷ ಟನ್ ಬೇಕು. ಕೊರತೆ 52 ಲಕ್ಷ. ಗೋದಾಮಿನ ಹಳೆಯ ದಾಸ್ತಾನು ಬಳಸಿದರೆ ಅಷ್ಟು ಕಡಿಮೆ ತರಿಸಿದರೆ ಸಾಕು. ದಾಸ್ತಾನು ತುಂಬಿಸಬೇಕಿದ್ದರೆ ಅಷ್ಟು ಹೆಚ್ಚು.

ಕೊನೆಯದಾಗಿ ಸುಂಕದ ಮೇಲೆ ಕಣ್ಣಿಡಿ. ಭರ್ಜರಿ ಬೆಳೆ ಬಂದ 2021ರ ಮೇ ತಿಂಗಳಲ್ಲಿ ರೈತರ ಬೆಲೆ ಕುಸಿಯದಿರಲೆಂದು ಮೆದು ಗೋಧಿಯ ಆಮದು ಸುಂಕವನ್ನು 135 ಪ್ರತಿಶತಕ್ಕೆ ಏರಿಸಿದ್ದರು. ಅದೇ ನವೆಂಬರ್‌ನಲ್ಲಿ ಅದನ್ನು ಪೂರ್ತಿ ತೆಗೆದರು.