ನಮ್ಮದೇ ಮೇಜರ್ ಕಟ್ಟಿಕೊಳ್ಳುವ ಪದವಿ: ಸೇರುವ ಮುಂಚೆ ನಾನು ನೋಡುವುದು

ಹುಬ್ಬಳ್ಳಿ-ಧಾರವಾಡ, ಗದಗ ಕಡೆಯ ಮಕ್ಕಳಿಗೆ ಪಿಯುಸಿ ನಂತರದ ದಾರಿ ಹುಡುಕಿಕೊಡುವಾಗ ನಾನು ಮೊದಲು ತೆಗೆಯುವುದು, ಪದವಿ ಮುಗಿದ ಮೇಲೆ ಸೇರಬೇಕೆಂದಿರುವ ಕೋರ್ಸಿನ ಪ್ರವೇಶ ಅಧಿಸೂಚನೆ. ಎಂ.ಎ., ಎಂ.ಎಸ್‌ಸಿ.ಯ ಅನೇಕ ವಿಭಾಗಗಳಲ್ಲಿ ಆ ವಿಷಯವನ್ನು ಪದವಿಯಲ್ಲಿ ಓದಿರಲೇಬೇಕು. ಬಿ.ಎಡ್‌.ನಲ್ಲೂ ಬೋಧನಾ ವಿಷಯ ಸಿಗುವುದು ಪದವಿಯಲ್ಲಿ ಓದಿದ್ದರ ಮೇಲೆ. ಹಲವು ವಿಷಯ ಸೇರಿಸಿ ನಾವೇ ಕಟ್ಟಿಕೊಂಡ ‘ನೀರು ಮತ್ತು ಗ್ರಾಮೀಣ ಬದುಕು’ ಎಂಬ ಮೇಜರ್ (ಪದವಿಯ ಮುಖ್ಯ ವಿಷಯ) ಕೇಳಲು ಚೆಂದ. ಆದರೆ ಅರ್ಥಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕಿದಾಗ ಅಂಕಪಟ್ಟಿಯಲ್ಲಿ ಅರ್ಥಶಾಸ್ತ್ರದ ಪತ್ರಿಕೆ ಎಷ್ಟಿವೆ ಎಂದು ಎಣಿಸುತ್ತಾರೆ. ಹಾಗಾಗಿ ಒಂದು ವಿಷಯ ಗಟ್ಟಿ ಕಾಂಡದಂತೆ ಇರಲೇಬೇಕು ಎನ್ನುವುದು ನನ್ನ ಪಟ್ಟು.

ಪೂರ್ತಿ ಸ್ವಂತ ಮೇಜರ್ ಅಮೆರಿಕದಲ್ಲಿ ಹಳೆಯ ಪದ್ಧತಿ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಒಂದು ಪ್ರೋಗ್ರಾಂ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಸ್ಕೂಲಿನಲ್ಲಿ ಕೊನೆಗೆ 20-25 ಕೃತಿಗಳ ಪಟ್ಟಿ ಮುಂದಿಟ್ಟುಕೊಂಡು ಅಧ್ಯಾಪಕರ ಜೊತೆ ಮೌಖಿಕ ಚರ್ಚೆಗೆ ಕೂರಬೇಕು. ಯಾವ ಕಾಲೇಜು ‘ಏನು ಬೇಕಾದರೂ ಓದಿ’ ಎಂದರೂ ನಾನು ಕೇಳುವುದು ಇದನ್ನೇ: ಓದಿದ್ದನ್ನೆಲ್ಲ ಒಟ್ಟುಗೂಡಿಸಿ ತೋರಿಸುವ ಕೊನೆಯ ಪ್ರಾಜೆಕ್ಟ್ ಅಥವಾ ವೈವಾ ಇದೆಯೇ? ಇಲ್ಲವೆಂದರೆ ಅದು ಬಿಡಿ ಪತ್ರಿಕೆಗಳ ಗಂಟು ಅಷ್ಟೇ.

ಯುಜಿಸಿಯ 2022ರ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ (ಓದಿನ ಭಾರದ ಅಳತೆ), ಅದರಲ್ಲಿ ಮೇಜರ್‌ಗೆ 60, ಮೈನರ್‌ಗೆ, ಅಂದರೆ ಜೊತೆಯ ಉಪವಿಷಯಕ್ಕೆ, 24. ಅಂತರ್‌ಶಿಸ್ತೀಯ ಪದವಿಯಾದರೆ ಮೇಜರ್ ಕ್ರೆಡಿಟ್ಟುಗಳನ್ನು ಆಯಾ ವಿಷಯಗಳಿಗೆ ಹಂಚುತ್ತಾರೆ. ನೀರಿನ ವಿಷಯಕ್ಕೆ ನಾನು ಹಾಕುವ ಲೆಕ್ಕ: ಅರ್ಥಶಾಸ್ತ್ರ 30, ಭೂಗೋಳ 18, ಸಂಖ್ಯಾಶಾಸ್ತ್ರ 12. ಸಂಖ್ಯಾಶಾಸ್ತ್ರ ಮೊದಲ ವರ್ಷವೇ ಮುಗಿಯಬೇಕು. ಅದನ್ನು ಮುಂದೂಡಿದರೆ ಮೂರನೇ ವರ್ಷದ ಇಕನಾಮೆಟ್ರಿಕ್ಸ್ (ಸಂಖ್ಯಾಶಾಸ್ತ್ರ ಬಳಸುವ ಅರ್ಥಶಾಸ್ತ್ರದ ಪತ್ರಿಕೆ) ತಲೆಗೆ ಹತ್ತುವುದಿಲ್ಲ.

ಆದರೆ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು 2024-25ರಿಂದ ಮತ್ತೆ ಮೂರು ವರ್ಷದ, ಮೂರು ವಿಷಯದ ಪದವಿಗೆ ಬಂದಿವೆ. ಅಂದರೆ ಇಲ್ಲಿ ನಮ್ಮ ಕೈಯಲ್ಲಿರುವುದು ಕಾಂಬಿನೇಶನ್ ಮತ್ತು ಹೊರಗಿನ ಕೋರ್ಸು. ಕಾಂಬಿನೇಶನ್ ಕೈಪಿಡಿಯಲ್ಲಿ ಇದ್ದರೆ ಸಾಲದು. ಈ ವರ್ಷದ ಟೈಮ್‌ಟೇಬಲ್ ಕೇಳಿ ಪಡೆದು, ಎರಡು ವಿಷಯಗಳ ಪ್ರ್ಯಾಕ್ಟಿಕಲ್ ಒಂದೇ ಮಧ್ಯಾಹ್ನ ಬಿದ್ದಿದೆಯೇ ನೋಡಬೇಕು. ಆ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ ಎಂದೂ ಕೇಳಬೇಕು. ಅತಿಥಿ ಉಪನ್ಯಾಸಕರು ಎಷ್ಟೇ ಚೆನ್ನಾಗಿ ಕಲಿಸಿದರೂ ಮುಂದಿನ ವರ್ಷ ಅವರು ಅಲ್ಲೇ ಇರುತ್ತಾರೆಂಬ ಖಾತ್ರಿ ಇಲ್ಲ. ಅವರಿಗೂ ಅದು ಅನ್ಯಾಯ, ಅವರನ್ನೇ ನಂಬಿ ಯೋಜನೆ ಹಾಕಿದ ವಿದ್ಯಾರ್ಥಿಗೂ.

ಹೊರಗಿನ ಕೋರ್ಸಿಗೆ ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಕೋರ್ಸುಗಳಾದ ಎನ್‌ಪಿಟಿಇಎಲ್ ಒಳ್ಳೆಯದು. 12 ವಾರದ್ದಕ್ಕೆ 3 ಕ್ರೆಡಿಟ್, 8 ವಾರದ್ದಕ್ಕೆ 2. ಓದುವುದು ಉಚಿತ, ಪರೀಕ್ಷೆಗೆ ಶುಲ್ಕ ಇದೆ. 12 ವಾರದ ಕೋರ್ಸಿನಲ್ಲಿ ಎಂಟು ಉತ್ತಮ ಅಸೈನ್‌ಮೆಂಟುಗಳ ಸರಾಸರಿಗೆ 25 ಅಂಕ, ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬೇಕು. ಮಕ್ಕಳು ಎಡವುವುದು ಅಸೈನ್‌ಮೆಂಟಿನ ಕೊನೆಯ ದಿನಾಂಕದಲ್ಲಿ. ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ‘ಸ್ವಯಂ’ನಿಂದ (ಎನ್‌ಪಿಟಿಇಎಲ್ ಕೋರ್ಸುಗಳೂ ಇರುವ ಕೇಂದ್ರ ಸರ್ಕಾರದ ಆನ್‌ಲೈನ್ ತಾಣ) ಕ್ರೆಡಿಟ್ ಪಡೆಯಬಹುದೆಂದು ಯುಜಿಸಿ 2021ರಲ್ಲಿ ಹೇಳಿದೆ, ಆದರೆ ಅದು ಮೇಲ್ಮಿತಿ. ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿದೆಯೇ ಎಂಬುದಕ್ಕೆ ನೋಂದಣಿಗೂ ಮುಂಚೆ ಪ್ರಾಚಾರ್ಯರ ಸಹಿ ಇರುವ ಪತ್ರ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಪರೀಕ್ಷಾ ವಿಭಾಗದಲ್ಲಿ ನಡೆಯುವುದಿಲ್ಲ.

ಗಳಿಸಿದ ಕ್ರೆಡಿಟ್‌ಗಳು ಆನ್‌ಲೈನಿನಲ್ಲಿ ಜಮಾ ಆಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯನ್ನು ಮೊದಲ ಸೆಮಿಸ್ಟರಿನಲ್ಲೇ ಡಿಜಿಲಾಕರ್ ಮೂಲಕ ತೆರೆಯಿಸುತ್ತೇನೆ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಹಿಂದೆ, ಆಧಾರ್‌ನಲ್ಲಿ ಮುಂದೆ, ಮತ್ತೊಂದರಲ್ಲಿ ಬರೀ ಇನಿಶಿಯಲ್ ಇರುವುದು ಸಾಮಾನ್ಯ. ಹೆಸರು ತಾಳೆಯಾಗದಿದ್ದರೆ ಕ್ರೆಡಿಟ್ ಜಮಾ ಆಗುವುದು ಅಲ್ಲೇ ನಿಲ್ಲುತ್ತದೆ. ಆಧಾರ್ ತಿದ್ದುಪಡಿಗೆ ಸಮಯ ಹಿಡಿಯುತ್ತದೆ, ಅದಕ್ಕೆ ಪಿಯುಸಿ ಫಲಿತಾಂಶ ಬಂದ ರಜೆಯಲ್ಲೇ ಆ ಕೆಲಸ ಮುಗಿಸಿಕೊಳ್ಳಿ.